ಅಂಡಮಾನ್: ಮೊದಲು ಫೆರಿ, ಆಮೇಲೆ ಹೋಟೆಲು

ಅಂಡಮಾನ್ ಪ್ರವಾಸದ ಲೆಕ್ಕವನ್ನು ನಾನು ಕೊನೆಯಿಂದ ಶುರುಮಾಡುತ್ತೇನೆ. ವಾಪಸು ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು ಎಂದು ಮೊದಲು ಬರೆದಿಟ್ಟು, ಮಿಕ್ಕ ದಿನಗಳನ್ನು ಅದರ ಹಿಂದೆ ಜೋಡಿಸುತ್ತಾ ಬರುತ್ತೇನೆ. ಬೆಳಿಗ್ಗೆ ನೀಲ್ ದ್ವೀಪದಿಂದ ಫೆರಿ ಹಿಡಿದು ಮಧ್ಯಾಹ್ನ ವಿಮಾನ ಏರೋಣ ಅನ್ನುವವರು ಬಹಳ. ಗಾಳಿ ಎದ್ದು ಫೆರಿ ರದ್ದಾದರೆ ಫೆರಿಯ ಹಣವೇನೋ ವಾಪಸು ಬಂದೀತು, ವಿಮಾನ ಮಾತ್ರ ಕಾಯುವುದಿಲ್ಲ.

ಹೆಸರುಗಳ ವಿಷಯ ಒಂದೇ ಮಾತಿನಲ್ಲಿ: ಹ್ಯಾವ್‌ಲಾಕ್, ನೀಲ್ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ, ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಬುಕಿಂಗ್‌ನಲ್ಲಿ ಹಳೆಯದೂ ಹೊಸದೂ ಎರಡೂ ಬರುತ್ತವೆ.

ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತ. ಮೇ ತಿಂಗಳಿಂದ ಮಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದ ಭಯ. ಆಗ ಹೋಗಲೇಬೇಕೆಂದರೆ ಒಂದು ದಿನ ಖಾಲಿ ಬಿಡಿ. ಆ ದಿನ ಪೋರ್ಟ್ ಬ್ಲೇರ್ ಲೆಕ್ಕದಲ್ಲಿರಲಿ, ಹ್ಯಾವ್‌ಲಾಕ್ ಲೆಕ್ಕದಲ್ಲಲ್ಲ.

ವಿಮಾನದ ಟಿಕೆಟ್ ಆದ ಕೂಡಲೇ ಫೆರಿ, ಅದು ಖಚಿತವಾದ ಮೇಲೆ ಹೋಟೆಲ್. ಕ್ರಿಸ್‌ಮಸ್ ಮತ್ತು ದುರ್ಗಾಪೂಜೆಯ ರಜೆಗಳಲ್ಲಿ ರೂಮು ಸಿಕ್ಕರೂ ಫೆರಿಯ ಸೀಟು ಸಿಗುವುದಿಲ್ಲ, ಎಲ್‌ಟಿಸಿ (ಸರ್ಕಾರಿ ನೌಕರರ ರಜಾ ಪ್ರವಾಸ ಸೌಲಭ್ಯ) ಮೇಲೆ ಬರುವವರೂ ಕಡಿಮೆಯಿಲ್ಲ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್ ಎಂಬ ಸುತ್ತು ಅನುಕೂಲ. ಖಾಸಗಿ ಕ್ಯಾಟಮರಾನ್ (ಜೋಡಿ ಒಡಲಿನ ವೇಗದ ಫೆರಿ) ಹ್ಯಾವ್‌ಲಾಕ್‌ಗೆ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಫೆರಿ ಎರಡೂವರೆಯ ಆಸುಪಾಸು. ಸರ್ಕಾರಿ ಫೆರಿ ಅಗ್ಗ, ಆದರೆ ಅಲ್ಲಿ ದ್ವೀಪವಾಸಿಗಳಿಗೆ ಆದ್ಯತೆ. ಅದನ್ನೇ ನಂಬಿ ಹೋಟೆಲ್‌ಗೆ ಪೂರ್ತಿ ಹಣ ಕಟ್ಟಬೇಡಿ. ಟಿಕೆಟ್‌ನಲ್ಲಿ ಜೆಟ್ಟಿಯ ಹೆಸರು ಓದಿ: ಹ್ಯಾಡೋ, ಫೀನಿಕ್ಸ್ ಬೇ ಬೇರೆ ಬೇರೆ. ಗುರುತಿನ ಚೀಟಿ ತೋರಿಸಿ ಲಗೇಜು ತಪಾಸಣೆ ಮುಗಿಸಬೇಕಾದ್ದರಿಂದ ಒಂದು ಗಂಟೆ ಮುಂಚೆ ಅಲ್ಲಿರಿ. ವಿಮಾನ ಇಳಿದ ದಿನವೇ ಹ್ಯಾವ್‌ಲಾಕ್‌ಗೆ ಹೋಗುವುದಾದರೆ ನಡುವೆ ನಾಲ್ಕು ಗಂಟೆಗಿಂತ ಕಡಿಮೆ ಇಡುವುದಿಲ್ಲ. ನಿಲ್ದಾಣದಿಂದ ಜೆಟ್ಟಿ ಹತ್ತಿರವೇ. ಭಯ ವಿಮಾನ ತಡವಾಗುವುದರದ್ದು.

ಕ್ಯಾಟಮರಾನ್ ಒಳಗೆ ಎಲ್ಲ ಮುಚ್ಚಿದ ಎ.ಸಿ., ವಾಂತಿಯಾಗುವವರಿಗೆ ಅದೇ ಕಷ್ಟ. ಮೂತಿಯ ಭಾಗ ಹೆಚ್ಚು ಕುಲುಕುತ್ತದೆ; ಕೆಳಗಿನ ಅಂತಸ್ತಿನ ನಡುವೆ ಅಥವಾ ತುಸು ಹಿಂದೆ ಸೀಟು ಆರಿಸಿ. ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ತಲೆ ತಿರುಗತೊಡಗಿದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಪೂರಿ ಸಾಗು ಬೇಡ, ಎರಡು ಇಡ್ಲಿ ಸಾಕು. ಸರ್ಕಾರಿ ಫೆರಿಯಲ್ಲಿ ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು. ನನ್ನ ಮಟ್ಟಿಗೆ ಅದರ ನಿಧಾನಕ್ಕೆ ಇದೇ ಪರಿಹಾರ.

ದ್ವೀಪಗಳಿರುವುದು ನಮಗಿಂತ ಬಹಳ ಪೂರ್ವಕ್ಕೆ, 93 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತದೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ನ ಸೂರ್ಯಾಸ್ತಕ್ಕೆ ನಾಲ್ಕೂವರೆಗೆ ಸ್ಕೂಟರ್ ಹತ್ತಿದರೆ ಕತ್ತಲೆಗೆ ಹೋದಂತೆ, ಮೂರೂವರೆಗೇ ಅಲ್ಲಿರಿ.

ನೀಲ್‌ಗೆ ಹೋಗುವಾಗ ಪಂಚಾಂಗವೂ ಬೇಕು. ಅಲ್ಲಿನ ನೈಸರ್ಗಿಕ ಕಲ್ಲಿನ ಸೇತುವೆಯ ಬುಡಕ್ಕೆ ನಡೆದು ಹೋಗಲು ಸಮುದ್ರ ಇಳಿದಿರಬೇಕು. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಇವತ್ತು ಹತ್ತಕ್ಕಾದರೆ ನಾಳೆ ಹತ್ತೂ ಐವತ್ತರ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ದೂರ ಸರಿಯುತ್ತದೆ. ಪೋರ್ಟ್ ಬ್ಲೇರ್‌ನ ಉಬ್ಬರವಿಳಿತದ ಪಟ್ಟಿ ನೋಡಿ, ಇಳಿತಕ್ಕೆ ಒಂದು ಗಂಟೆ ಮೊದಲು ತಲುಪಿದರೆ ಹೋಗಿ ಬರುವಷ್ಟು ಸಮಯ ಸಿಗುತ್ತದೆ. ಕಾಲಡಿ ಸತ್ತ ಹವಳದ ಚೂಪು, ಮೇಲೆ ಪಾಚಿ. ಹವಾಯಿ ಚಪ್ಪಲಿ ಹೊಂಡದಲ್ಲೇ ಉಳಿಯುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಹಾಕಿ. ಹ್ಯಾವ್‌ಲಾಕ್‌ನ ಪೂರ್ವ ದಂಡೆಯ ಹೋಟೆಲ್‌ಗಳ ಮುಂದೆಯೂ ಇಳಿತದ ಹೊತ್ತಿಗೆ ಈಜುವಷ್ಟು ನೀರಿರುವುದಿಲ್ಲ. ಚಿತ್ರದಲ್ಲಿ ತೋರಿಸುವುದು ಉಬ್ಬರದ ಸಮುದ್ರ.

ಸ್ಕೂಬಾ ಪ್ರವಾಸದ ಮೊದಲ ಭಾಗದಲ್ಲೇ ಮುಗಿಯಲಿ. ಹಲವು ಸಲ ಮುಳುಗಿದ ಮೇಲೆ ವಿಮಾನ ಏರಲು ಕನಿಷ್ಠ 18 ಗಂಟೆ ಬಿಡಬೇಕು, ನಾನು 24 ಇಡುತ್ತೇನೆ. ರಕ್ತದಲ್ಲಿ ಕರಗಿದ ಸಾರಜನಕ ವಿಮಾನದೊಳಗಿನ ಕಡಿಮೆ ಒತ್ತಡಕ್ಕೆ ಗುಳ್ಳೆಯಾಗುತ್ತದೆ.

ಬಾರಾತಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ಒಂದು ಇಡೀ ದಿನ ಬೇಕು. ಜಿರ್ಕಾತಾಂಗ್ ಚೆಕ್‌ಪೋಸ್ಟ್‌ನಿಂದ ಗಾಡಿಗಳನ್ನು ಸಾಲಾಗಿ, ನಿಗದಿತ ಹೊತ್ತಿಗೆ ಮಾತ್ರ ಬಿಡುತ್ತಾರೆ. ಬೆಳಗಿನ ಮೊದಲ ಸಾಲಿಗೆ ಸೇರಲು ನಸುಕಿಗೂ ಮುಂಚೆ, ಮೂರೂವರೆ ನಾಲ್ಕಕ್ಕೇ ಪೋರ್ಟ್ ಬ್ಲೇರ್ ಬಿಡಬೇಕು. ದಾರಿ ಜರಾವಾ ಎಂಬ ಆದಿವಾಸಿಗಳ ಮೀಸಲು ಪ್ರದೇಶದ ಒಳಗೆ ಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಜರಾವಾ ಜನರನ್ನು ತೋರಿಸುತ್ತೇವೆ ಎನ್ನುವ ಏಜೆಂಟರಿಂದ ಗಾಡಿ ಗೊತ್ತುಮಾಡಬೇಡಿ.