ಕಿವಿಗೆ ಕೇಳಿದಂತೆ ಟೈಪ್ ಆಗುವ ಹೆಸರು

ನಮ್ಮದು ಹಾವೇರಿ ಜಿಲ್ಲೆಯಲ್ಲಿ ಒಂದು ಸಣ್ಣ ಮಸಾಲೆ ವ್ಯಾಪಾರ. ನಾನು, ನಮ್ಮ ಅತ್ತೆ, ಓಣಿಯ ಕೆಲವು ಹೆಣ್ಣುಮಕ್ಕಳು ಸೇರಿ ಬ್ಯಾಡಗಿ ಮೆಣಸಿನಕಾಯಿ ಪುಡಿ, ಮಸಾಲೆ ಖಾರ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ ಮಾಡಿ ಕಳಿಸುತ್ತೇವೆ. ಗಿರಾಕಿಗಳು ಹೆಚ್ಚಿನವರು ಹುಬ್ಬಳ್ಳಿ, ಬೆಂಗಳೂರು, ಪುಣೆಯವರು. ವಾಟ್ಸಾಪ್‌ನಲ್ಲಿ ಬರುವ ಆರ್ಡರ್ ಬರೆದಿಟ್ಟುಕೊಳ್ಳುವುದೇ ಒಂದು ಕೆಲಸವಾದಾಗ ವೆಬ್‌ಸೈಟ್ ಮಾಡಿಸಲು ಹೊರಟೆವು.

ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಚಿಕ್ಕದಿರಲಿ, ನೋಡಲು ಚಂದವಿರಲಿ ಎಂದು ಎಲ್ಲರೂ ಹೇಳಿದರು. ಆದರೆ ನಮ್ಮ ಹೆಸರನ್ನು ಜನ ನೋಡುವುದು ಆಮೇಲೆ, ಮೊದಲು ಕೇಳುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೂತವರು ಪಕ್ಕದವರಿಗೆ ಹೇಳುತ್ತಾರೆ, ಅವರು ಮನೆಗೆ ಹೋಗಿ ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ. ಹಾಗೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ? ನಾನು ಪ್ರತಿ ಹೆಸರಿಗೂ ಮೊದಲು ಹಾಕಿದ ಪ್ರಶ್ನೆ ಇದು.

ಕನ್ನಡದ ಹೆಸರಿಗೆ ಇದು ಸುಲಭದ ಪರೀಕ್ಷೆಯಲ್ಲ. ಡಾಟ್ ಕಾಮ್, ಡಾಟ್ ಇನ್ ಹೆಸರುಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನ 26 ಅಕ್ಷರ, 10 ಅಂಕಿ ಮತ್ತು ಹೈಫನ್ ಎಂಬ ಗೆರೆಯಲ್ಲೇ ಬರೆಯುತ್ತಾರೆ. ನಮ್ಮ ತ ಅಕ್ಷರವನ್ನು ಕೆಲವರು ಬರೀ ಟಿ ಹಾಕಿ ಬರೆದರೆ ಕೆಲವರು ಟಿ ಹೆಚ್ ಹಾಕುತ್ತಾರೆ. ಆ ಎಂಬ ದೀರ್ಘ ಸ್ವರಕ್ಕೆ ಒಬ್ಬರು ಒಂದು ಎ, ಇನ್ನೊಬ್ಬರು ಎರಡು. ಳ ಮತ್ತು ಲ ಎರಡಕ್ಕೂ ಒಂದೇ ಎಲ್. ಅವ್ವ ಎಂದರೆ ನಡುವೆ ವಿ ಹಾಕಬೇಕೋ ಡಬ್ಲ್ಯು ಹಾಕಬೇಕೋ? ಖಾರ ಎಂಬ ಪುಟ್ಟ ಪದದಲ್ಲೇ ಎರಡು ಕಡೆ ಅನುಮಾನ: ಕೆ ಆದಮೇಲೆ ಹೆಚ್ ಬೇಕೋ ಬೇಡವೋ, ಎ ಒಂದೋ ಎರಡೋ. ಅಲ್ಲಿಗೇ ನಾಲ್ಕು ಬಗೆಯ ಕಾಗುಣಿತವಾಯಿತು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು ಪದವಿಟ್ಟರೆ ಹದಿನಾರು.

ಬ್ಯಾಡಗಿ ಎಂದೇ ಇಡಿ, ಊರಿನ ಹೆಸರೇ ಸಾಕು ಎಂದವರಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು, ಅಂದರೆ ಅದು ಆ ಸೀಮೆಯದೇ ಬೆಳೆ ಎಂಬ ಸರ್ಕಾರಿ ಮಾನ್ಯತೆ, 2011ರಲ್ಲಿ ಸಿಕ್ಕಾಗ ನೋಂದಾಯಿಸಿದ ಕಾಗುಣಿತದಲ್ಲಿ ಡಿ ಆದಮೇಲೆ ಎ ಇದೆ. ರೈಲು ನಿಲ್ದಾಣದ ಹೆಸರಿನಲ್ಲಿ ಆ ಎ ಇಲ್ಲ. ಅಂಗಡಿಗಳಲ್ಲಿ ಬೇಡ್ಗಿ ಎಂದು ಬರೆಯುವವರೂ ಇದ್ದಾರೆ. ಅದಕ್ಕೆ ಚಿಲ್ಲಿ ಸೇರಿಸಿದರೆ ಎಲ್ ಒಂದೋ ಎರಡೋ ಎಂಬ ಗೊಂದಲ ಬೇರೆ. ಕಾಗುಣಿತ ಸರಿಹೋದರೂ ನಾನು ಆ ಹೆಸರನ್ನು ಇಡುತ್ತಿರಲಿಲ್ಲ. ಅದು ಆ ಸೀಮೆಯ ಬೆಳೆಗಾರರೆಲ್ಲರಿಗೂ ಸೇರಿದ್ದು, ಒಂದು ಅಂಗಡಿಯ ಗುರುತಾಗಬಾರದು. ಊರ ಹೆಸರುಗಳಿಗೆ ಇನ್ನೊಂದು ತೊಡಕೂ ಇದೆ: 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹುಬ್ಬಳ್ಳಿಯನ್ನು ಇವತ್ತಿಗೂ ಎರಡು ರೀತಿ ಬರೆಯುತ್ತಾರೆ.

ನನಗೆ ತುಂಬ ಇಷ್ಟವಾಗಿದ್ದ ಹೆಸರು ಬುತ್ತಿ. ಹೊಲಕ್ಕೆ ಕಟ್ಟಿಕೊಂಡು ಹೋಗುವ ರೊಟ್ಟಿ, ಪಲ್ಯೆ, ಚಟ್ನಿಯ ಗಂಟು ಯಾರಿಗೆ ನೆನಪಾಗುವುದಿಲ್ಲ? ಪರೀಕ್ಷೆಗೆಂದು ಪುಣೆಯಲ್ಲಿರುವ ವೈನಿಗೆ ಬರೀ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದೆ. ಅವರು ಫೋನ್ ಮಾಡಿ, "ಬುಟ್ಟಿ ಅಂತ ಹೆಸರಿಟ್ಟೀರೇನವಾ? ಭಾಳ ಚಂದ ಐತಿ" ಎಂದರು. ಬೆಂಗಳೂರಿನ ಗಿರಾಕಿಯೊಬ್ಬರಿಗೆ ಬಾಯಲ್ಲಿ ಬುತ್ತಿ ಎಂದು ಹೇಳಿ ಬರೆಯಲು ಕೇಳಿದರೆ ಟಿ ಹೆಚ್ ಹಾಕಿದರು. ಒಂದೇ ಹೆಸರು ಹೇಳುವಾಗ ಒಂದು, ಓದುವಾಗ ಇನ್ನೊಂದು ಆಗುತ್ತಿತ್ತು. ಬುಟ್ಟಿ ಎಂದರೆ ಮಾತ್ರ ಕೇಳಿದವರೂ ಓದಿದವರೂ ಒಂದೇ ಕಡೆ ಬಂದು ಮುಟ್ಟುತ್ತಿದ್ದರು. ಅದನ್ನೇ ಹಿಡಿದುಕೊಂಡು ಮುಂದೆ ಒಂದು ಬಣ್ಣದ ಹೆಸರು ಸೇರಿಸಿದೆವು. ಆ ಬಣ್ಣಕ್ಕೂ ಒಂದೇ ಕಾಗುಣಿತ. ಕೊರಿಯರ್ ಆಫೀಸಿನ ಹುಡುಗ, ಅಕ್ಕನ ಮಗಳು, ಹಿಟ್ಟಿನ ಗಿರಣಿಯವರು, ಹೀಗೆ ಸಿಕ್ಕವರಿಗೆಲ್ಲ ಒಮ್ಮೆ ಮಾತ್ರ ಹೇಳಿ ಬರೆಸಿ ನೋಡಿದೆ. ಎರಡನೇ ಸಲ ಹೇಳಿದರೆ ಪರೀಕ್ಷೆ ಕೆಟ್ಟಂತೆ. ಹೈಫನ್ ಮೊದಲೇ ಬೇಡವೆಂದಿದ್ದೆ. "ನಡುವೆ ಒಂದು ಗೆರೆ" ಎಂದರೆ ಎಷ್ಟೋ ಜನಕ್ಕೆ ಅದು ಕೀಬೋರ್ಡಿನಲ್ಲಿ ಎಲ್ಲಿದೆ ಎಂದು ಹುಡುಕಬೇಕು.

ಪೂರ್ತಿ ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಡೊಮೇನ್ ಸಿಗುತ್ತದೆ. ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಅದನ್ನೂ ನಡೆಸುತ್ತದೆ. ಅಲ್ಲಿ ಬುತ್ತಿ ಬುತ್ತಿಯಾಗಿಯೇ ಉಳಿಯುತ್ತದೆ, ನನ್ನ ಮನಸ್ಸು ಅದರ ಕಡೆಗೇ ಇತ್ತು. ಆದರೆ ಆ ವಿಳಾಸದ ಇಮೇಲನ್ನು ಒಪ್ಪದ ಅರ್ಜಿ ನಮೂನೆಗಳು ಇನ್ನೂ ಬಹಳ ಇವೆ, ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳದ ಗಿರಾಕಿಗಳೂ ಬಹಳ. ಮೊದಲನೇ ವಿಳಾಸವಾಗಿ ಅದು ಇವತ್ತಿಗೆ ಆಗದು. ಡಾಟ್ ಕಾಮ್ ಮತ್ತು ಡಾಟ್ ಇನ್ ಎರಡನ್ನೂ ಕೊಂಡು, ಒಂದನ್ನು ಟೈಪ್ ಮಾಡಿದರೂ ಇನ್ನೊಂದಕ್ಕೇ ಹೋಗುವಂತೆ ಮಾಡಿದೆವು.

ದುಡ್ಡು ಕಟ್ಟುವ ಮುಂಚೆ ಅಂಥದೇ ಹೆಸರು ಬೇರೆಯವರಿಗಿದೆಯೇ ಎಂದು ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಹುಡುಕಿದೆ. ಮಸಾಲೆ ಪುಡಿಗಳು 30ನೇ ವರ್ಗಕ್ಕೆ ಸೇರುತ್ತವೆ. ಅಲ್ಲಿ ಅಕ್ಷರದಿಂದಷ್ಟೇ ಅಲ್ಲ, ಉಚ್ಚಾರದಿಂದಲೂ ಹುಡುಕಬಹುದು, ಅದೂ ಪುಕ್ಕಟೆ. ಇದನ್ನು ಬಿಡಲೇಬಾರದು. ಸಿಫಿ ಮತ್ತು ಸಿಫ್ಫಿನೆಟ್ ಎಂಬ ಎರಡು ಕಂಪನಿಗಳ ಡೊಮೇನ್ ಹೆಸರುಗಳ ವ್ಯಾಜ್ಯ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ, ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2004ರಲ್ಲಿ ಅಲ್ಲಿ ಸಿಫಿ ಗೆದ್ದಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಇದೆ ಎಂದು ಕೋರ್ಟ್ ಹೇಳಿತು. ಕಾಗುಣಿತ ಬೇರೆಯಾದರೂ ಕಿವಿಗೆ ಒಂದೇ ಆಗಿ ಕೇಳಿಸಿದರೆ ತಕರಾರು ಬರಬಹುದು ಎಂದು ನಾನು ಇದರಿಂದ ತಿಳಿದುಕೊಂಡೆ.

ನೋಂದಣಿಯನ್ನು ಅತ್ತೆಯ ಹೆಸರಿನಲ್ಲಿ, ನಮ್ಮದೇ ಇಮೇಲ್ ಕೊಟ್ಟು ಮಾಡಿಸಿದೆವು. ವೆಬ್‌ಸೈಟ್ ಮಾಡಿಕೊಡುವವರು "ನಾವೇ ತಗೊಂಡು ಕೊಡ್ತೀವಿ" ಎನ್ನುತ್ತಾರೆ. ಆದರೆ ನೋಂದಣಿ ಯಾರ ಹೆಸರಿನಲ್ಲಿದೆಯೋ ಹೆಸರು ಅವರದು. ನೋಂದಣಿಯಾದ ಕೂಡಲೇ ಬರುವ ದೃಢೀಕರಣದ ಇಮೇಲಿನಲ್ಲಿರುವ ಲಿಂಕನ್ನು ಒತ್ತಲೇಬೇಕು. ಡಾಟ್ ಕಾಮ್‌ಗೆ 15 ದಿನದೊಳಗೆ ಒತ್ತದಿದ್ದರೆ ಸೈಟ್ ನಿಂತುಹೋಗಬಹುದು. ಮೊದಲ ವರ್ಷದ ಬೆಲೆ ನೋಡಿ ಕೊಳ್ಳಬೇಡಿ, ಎರಡನೇ ವರ್ಷದ ನವೀಕರಣದ ಬೆಲೆ ಎಷ್ಟೆಂದು ಕೇಳಿ. ಒಂದೇ ಸಲಕ್ಕೆ 10 ವರ್ಷದವರೆಗೂ ಕಟ್ಟಬಹುದು. ನಾವು ಅಷ್ಟು ಕಟ್ಟಲಿಲ್ಲ. ನವೀಕರಣದ ತಾರೀಖನ್ನು ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಸಿಲಿಂಡರ್ ಬಂದ ತಾರೀಖಿನ ಪಕ್ಕದಲ್ಲೇ ಬರೆದಿಟ್ಟಿದ್ದಾರೆ.