ಅಪ್ಪನ ಹಲ್ಲು ಉಜ್ಜುವ ಕೆಲಸ

ಅಪ್ಪನಿಗೆ ಲಕ್ವ ಹೊಡೆದ ಮೇಲೆ ಊಟ, ಸ್ನಾನ, ವ್ಯಾಯಾಮ ಎಲ್ಲದಕ್ಕೂ ಸಲಹೆ ಸಿಕ್ಕಿತು. ಬಾಯಿಯ ಬಗ್ಗೆ ಮಾತ್ರ ಯಾರೂ ಜಾಸ್ತಿ ಹೇಳಲಿಲ್ಲ. ಬಲಗೈ ಏಳದವರು ಹಲ್ಲು ಉಜ್ಜುವುದಾದರೂ ಹೇಗೆ? ಈಗ ದಿನಾ ಎರಡು ಹೊತ್ತು ನಾನೇ ಉಜ್ಜುತ್ತೇನೆ.

ಮೊದಲನೆಯದು, ಕೂರಿಸುವುದು. ಅಂಗಾತ ಮಲಗಿಸಿ ಉಜ್ಜುವುದು ಬೇಡವೇ ಬೇಡ. ಲಕ್ವ ಆದ ಎಷ್ಟೋ ಜನರಿಗೆ ನುಂಗುವುದು ಕಷ್ಟ. ನೊರೆ, ಎಂಜಲು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಬಾಯಿ ಕೊಳಕಾಗಿದ್ದಷ್ಟೂ ಆ ಭಯ ಹೆಚ್ಚು. ಅಪ್ಪನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ ನೋಡಿಕೊಳ್ಳುತ್ತೇನೆ. ಕೊರಳಿಗೆ ಟವೆಲ್, ತೊಡೆಯ ಮೇಲೆ ಒಂದು ಬೋಸಿ. ಟಾರ್ಚ್ ಹಿಡಿಯಲು ಅಮ್ಮ ಬರುತ್ತಾರೆ.

ಬ್ರಷ್ ಮುಟ್ಟಿಸುವ ಮೊದಲು ಬಲಗೆನ್ನೆಯ ಒಳಗೆ ನೋಡುತ್ತೇನೆ. ಆ ಕಡೆ ಅವರಿಗೆ ಸ್ಪರ್ಶ ಕಮ್ಮಿ. ಮಧ್ಯಾಹ್ನದ ಅನ್ನದ ಅಗುಳು ಸಂಜೆವರೆಗೂ ಅಲ್ಲೇ ಕೂತಿರುತ್ತದೆ, ಗೊತ್ತೇ ಆಗುವುದಿಲ್ಲ. ಒದ್ದೆ ಬ್ರಷ್‌ನಿಂದಲೇ ಹೊರಗೆ ಎಳೆಯುತ್ತೇನೆ. ಬೆರಳು ಮಾತ್ರ ಹಲ್ಲುಗಳ ನಡುವೆ ಹಾಕುವುದಿಲ್ಲ. ಬಾಯಿ ತಂತಾನೇ ಮುಚ್ಚಿಕೊಂಡರೆ ಕಚ್ಚಿ ಬಿಡುತ್ತಾರೆ ಪಾಪ.

ಬ್ರಷ್ ಮೆತ್ತನೆಯದು, ತಲೆ ಚಿಕ್ಕದು. ಫ್ಲೋರೈಡ್ ಇರುವ ಪೇಸ್ಟ್ ಸುಮ್ನೆ ಸವರಿದಷ್ಟು. ನಮ್ಮಂಥವರಿಗೆ ಬಟಾಣಿ ಕಾಳಿನಷ್ಟು ಸಾಕು, ಉಗಿಯಲು ಕಷ್ಟಪಡುವವರಿಗೆ ಅದೂ ಜಾಸ್ತಿ.

ಬ್ರಷ್ಷನ್ನು ಹಲ್ಲಿನ ಮೇಲೆ ನೇರವಾಗಿ ಇಡುವುದಲ್ಲ. ಹಲ್ಲು ಮತ್ತು ಒಸಡು ಸೇರುವ ಗೆರೆಯ ಕಡೆಗೆ, ಸುಮಾರು 45 ಡಿಗ್ರಿ ಓರೆಯಾಗಿ. ಅಲ್ಲಿಟ್ಟು ಮೆಲ್ಲಗೆ ಅಲುಗಿಸಬೇಕು, ಎರಡು ಹಲ್ಲಿನಷ್ಟು ಜಾಗದಲ್ಲೇ. ಆಮೇಲೆ ಮುಂದಕ್ಕೆ. ಹೊರಗಡೆ ಎಲ್ಲಾ ಮುಗಿಸಿ, ಒಳಗಡೆ, ಕೊನೆಗೆ ಅಗಿಯುವ ಮೇಲ್ಭಾಗ. ಕೆಳಗಿನ ಮುಂದಿನ ಹಲ್ಲಿನ ಒಳಗಡೆಗೆ ಬ್ರಷ್ ನೆಟ್ಟಗೆ ಹಿಡಿಯಬೇಕು. ಗಟ್ಟಿ ಪಾಚಿ ಕಟ್ಟುವುದು ಅಲ್ಲೇ ಹೆಚ್ಚು. ಅಪ್ಪ ಮೊದಲಿನಿಂದಲೂ ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ಉಜ್ಜಿದವರು, ಅದೂ ಒರಟು ಹಲ್ಲುಪುಡಿ ಹಾಕಿ. ಒಸಡಿನ ಹತ್ತಿರ ಹಲ್ಲು ಸವೆದು ಸಣ್ಣ ಹಳ್ಳ ಬಿದ್ದಿದೆ. ತಣ್ಣೀರು ತಾಕಿದರೆ ಜುಮ್ ಅನ್ನುತ್ತದಂತೆ. ಅದಕ್ಕೇ ಬೆಚ್ಚಗಿನ ನೀರು.

ಎರಡು ನಿಮಿಷ ಬೇಕು. ನಡುವೆ ಎರಡು ಮೂರು ಸಲ ನಿಲ್ಲಿಸಿ, ಮುಂದಕ್ಕೆ ಬಾಗಿಸಿ, ನೊರೆ ಬೋಸಿಗೆ ಬಿಡಿಸುತ್ತೇನೆ.

ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ವಾ. ಅದಕ್ಕೆ ಫ್ಲಾಸ್ ಅನ್ನುವ ತೆಳು ದಾರ, ಅದನ್ನು ಮೊದಲು ನನ್ನ ಬಾಯಲ್ಲೇ ಕಲಿತೆ. ಒಂದು ಮೊಳ ದಾರ, ನಡುಬೆರಳುಗಳಿಗೆ ಸುತ್ತಿ, ನಡುವೆ ಒಂದೆರಡು ಅಂಗುಲ ಬಿಗಿ. ಹಿಂದೆ ಮುಂದೆ ಆಡಿಸುತ್ತಾ ಸಂದಿಗೆ ಇಳಿಸಬೇಕು, ಒಮ್ಮೆಲೇ ಒತ್ತಿದರೆ ಒಸಡು ಕೊಯ್ಯುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿಗೆ ಬಾಗಿಸಿ ಒತ್ತಿ, ಒಸಡಿನ ಅಂಚಿನ ಸ್ವಲ್ಪ ಒಳಗಿಂದ ಹಲ್ಲಿನ ತುದಿಯ ಕಡೆಗೆ ಒರೆಸಬೇಕು. ಅದೇ ಸಂದಿಯಲ್ಲಿ ಪಕ್ಕದ ಹಲ್ಲಿಗೂ ಹಾಗೇ. ಬರೀ ಮೇಲೆ ಕೆಳಗೆ ಎಳೆದರೆ ಸಿಕ್ಕಿಕೊಂಡ ನಾರು ಬರುತ್ತದೆ, ಹಲ್ಲಿಗೆ ಅಂಟಿದ ಪಾಚಿ ಬರುವುದಿಲ್ಲ.

ಅಪ್ಪನ ಬಾಯಿಗೆ ಇದು ಆಗದ ಮಾತು. ಮುಂದಿನ ಹಲ್ಲುಗಳಿಗೆ ಹಿಡಿ ಇರುವ ಫ್ಲಾಸ್ ತಂದೆ. ಹಿಂದೆ ಒಸಡು ಇಳಿದು ಸಂದಿ ಅಗಲವಾಗಿದೆ, ಅಲ್ಲಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಸಂದಿ ಬ್ರಷ್. ಅಳತೆ ದಂತವೈದ್ಯರಿಂದಲೇ ನೋಡಿಸಿಕೊಂಡೆ. ಬಲ ಹಾಕಿ ತುರುಕುವುದು ಬೇಡ, ಸಲೀಸಾಗಿ ಹೋಗಬೇಕು.

ಶುರುವಿನಲ್ಲಿ ರಕ್ತ ಬಂತು. ಅಮ್ಮ ಹೆದರಿ "ಬಿಟ್ಟುಬಿಡೋ" ಅಂದರು. ಒಸಡು ಊದಿಕೊಂಡಿದ್ದರೆ ರಕ್ತ ಬರುವುದು ಸಾಮಾನ್ಯ. ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ಬೇರೆ ತೆಗೆದುಕೊಳ್ಳುತ್ತಾರೆ. ವೈದ್ಯರನ್ನು ಕೇಳಿಯೇ ಮುಂದುವರಿಸಿದೆ, ಕೆಲವೇ ವಾರಗಳಲ್ಲಿ ಕಮ್ಮಿಯಾಯಿತು. ಅದಕ್ಕಾಗಿ ಮಾತ್ರೆಯನ್ನು ನಾವೇ ನಿಲ್ಲಿಸುವುದು ತಪ್ಪು.

ಬೆಳಿಗ್ಗೆ ಎಂದಾದರೂ ತಪ್ಪಬಹುದು, ರಾತ್ರಿ ತಪ್ಪಿಸುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಬಾಯಿ ಒಣಗಿ ಹುಳುಕಿಗೆ ದಾರಿ. ತೆಗೆದು ಹಾಕುವ ಹಲ್ಲಿನ ಸೆಟ್ಟನ್ನೂ ಆಗಲೇ ತೊಳೆದು ತಣ್ಣೀರಿನಲ್ಲಿ ಇಡುತ್ತೇನೆ.

ಈಚೆಗೆ ಮುಂದಿನ ಹಲ್ಲುಗಳನ್ನು ಅಪ್ಪನೇ ಎಡಗೈಯಲ್ಲಿ ಉಜ್ಜುತ್ತಾರೆ. ಹಿಡಿತ ಸಿಗಲಿ ಅಂತ ಬ್ರಷ್ಷಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ಗ್ರಿಪ್ ತೊಡಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಾಯಿಸುವಾಗ ಅದನ್ನು ಕಳಚಿ, ಬಿಸಿನೀರಲ್ಲಿ ತೊಳೆದು, ಹೊಸದಕ್ಕೆ ಹಾಕುತ್ತೇನೆ.