ಕುಂಬಾರಪೇಟೆಯ ಕುಂಬಾರರನ್ನ ನಾನು ಹುಡುಕಿದ್ದು ಹೀಗೆ

ಬೆಂಗಳೂರು ಪೇಟೆಯಲ್ಲಿ ಕುಂಬಾರಪೇಟೆ ಅಂತ ಇರೋದು ಎಲ್ರಿಗೂ ಗೊತ್ತು, ಈಗ ಅಲ್ಲಿ ಕಾಲಿಡಕ್ಕಾಗದಷ್ಟು ಹೋಲ್‌ಸೇಲ್ ಅಂಗಡಿಗಳು, ಆದ್ರೆ ಅಲ್ಲಿ ತಿಗರಿ (ಮಡಕೆ ಮಾಡೋ ಚಕ್ರ) ತಿರುಗಿಸ್ತಿದ್ದ ಮನೆಗಳು ಯಾವುವು, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿ ಹೋದ್ರು ಅಂದ್ರೆ ಹೇಳೋರು ಸಿಗಲ್ಲ. ನನ್ನ ತಾಯಿ ಕಡೆಯೋರು ಆ ಬೀದಿಯೋರು. ಅಮ್ಮನ ಕಡೆ ಮನೆತನ ಒಂದನ್ನೇ ಬರೆದಿಡೋಣ ಅಂತ ಶುರು ಮಾಡಿದ್ದು, ಆಮೇಲೆ ಅಕ್ಕಪಕ್ಕದ ಮನೆಗಳನ್ನ ಬಿಟ್ಟು ಒಂದು ಮನೆ ಕಥೆ ಬರೆಯಕ್ಕೇ ಆಗಲ್ಲ ಅನ್ನೋದು ಗೊತ್ತಾಯ್ತು. ಮಡಕೆ ಸುಡೋ ಆವಿಗೆ ಒಬ್ಬರ ಹಿತ್ತಲಲ್ಲಿ, ಮಣ್ಣು ತುಳಿಯೋ ಜಾಗ ಇನ್ನೊಬ್ಬರದ್ದು, ಸೊಸೆ ಮೂರನೇ ಮನೆಯಿಂದ ಬಂದೋಳು, ಹಿಂಗಿರುವಾಗ ಇಡೀ ಬೀದೀನೇ ಹುಡುಕಬೇಕಾಯ್ತು.

ಇಂಗ್ಲೆಂಡು ಅಮೆರಿಕಾ ಕಡೆ ವಂಶ ಹುಡುಕೋರು ಹಳೇ ಸೆನ್ಸಸ್ ತೆಗೆದು ಮನೆಮನೆ ಹೆಸರು ಓದ್ಕೋತಾರೆ. ನಮಗೆ ಆ ಅನುಕೂಲ ಇಲ್ಲ. 1881, 1891, 1901ರ ಮೈಸೂರು ಸಂಸ್ಥಾನದ ಸೆನ್ಸಸ್ ವರದಿಗಳಲ್ಲಿ ಕುಂಬಾರರು ಇಷ್ಟು ಜನ ಅಂತ ಸಿಗತ್ತೆ, ಒಬ್ಬರ ಹೆಸರೂ ಇರಲ್ಲ, ಮನೆಮನೆಗೆ ಹೋಗಿ ಬರೆದ ಶೆಡ್ಯೂಲುಗಳನ್ನ ಉಳಿಸ್ಕೊಳ್ಳಲಿಲ್ಲ. ಬ್ರಿಟಿಷರ ಕಾಲದ ಅಧಿಕಾರಿ ಬಿ.ಎಲ್. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನಲ್ಲಿ ಬಲಗೈ ಪಂಗಡದ 18 ಫಣ, ಅಂದ್ರೆ ಆ ಪಂಗಡಕ್ಕೆ ಸೇರಿದ ಜಾತಿಗಳು, ಅಂತ ಪಟ್ಟಿ ಇದೆ, ಅದರಲ್ಲಿ ಕುಂಬಾರರೂ ಇದ್ದಾರೆ, ಅಷ್ಟೇ. ಬೆಂಗಳೂರು ಜಿಲ್ಲೆ ಶಾಸನಗಳು 1905ರಲ್ಲಿ ಅಚ್ಚಾದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿವೆ, ಅಲ್ಲಿ ದಾನ ಕೊಟ್ಟೋರ ಹೆಸರಿರತ್ತೆ, ಪಡೆದೋರ ಹೆಸರಿರತ್ತೆ, ಕಸುಬಿನ ಜನ ಹೆಚ್ಚಾಗಿ ಕಾಣ್ಸೋದು ತೆರಿಗೆ ಲೆಕ್ಕದಲ್ಲಿ. ಉತ್ತರ ಕರ್ನಾಟಕದೋರಿಗಾದ್ರೆ ಹೆಳವರಿದ್ದಾರೆ, ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ತಲೆತಲಾಂತರದ ಹೆಸರು ಹೇಳ್ತಾರೆ. ಪೇಟೆಯ ನಮ್ಮ ಮನೆಗಳಿಗೆ ಹಂಗೆ ಬರೋರು ಯಾರೂ ಇರಲಿಲ್ಲ.

ಹಾಗಾಗಿ ನಾನು ಹಿಡಿದ ದಾರಿ ಒಂದೇ. ಕುಂಬಾರನ ಹೆಸರು ಕುಂಬಾರನ ಕಾಗದದಲ್ಲಿ ಸಿಗಲ್ಲ, ಅವನ ಹತ್ರ ಕಾಗದಾನೇ ಇರಲಿಲ್ಲ. ಪಕ್ಕದ ಮನೆಯೋನ ಕಾಗದದಲ್ಲಿ, ಸಾಲ ಕೊಟ್ಟೋನ ಕಾಗದದಲ್ಲಿ, ಮಡಕೆ ಕೊಂಡೋನ ಲೆಕ್ಕದಲ್ಲಿ, ಹೆಣ್ಣು ಕೊಟ್ಟೋರ ಬಾಯಲ್ಲಿ ಹುಡುಕಬೇಕು.

ಇದ್ರಲ್ಲಿ ನಂಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟಿದ್ದು ಚಕ್ಕುಬಂದಿ. ಹಳೇ ಕ್ರಯಪತ್ರ, ಭೋಗ್ಯಪತ್ರ ಯಾವುದೇ ತಗೊಳ್ಳಿ, ಸ್ವತ್ತಿನ ನಾಲ್ಕು ದಿಕ್ಕಿಗೆ ಏನಿದೆ ಅಂತ ಬರೆದಿರ್ತಾರಲ್ಲ, ಪೂರ್ವಕ್ಕೆ ಕುಂಬಾರ ಇಂಥವನ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವನ ಹಿತ್ತಲು, ದಕ್ಷಿಣಕ್ಕೆ ಇಂಥ ಶೆಟ್ಟರ ಅಂಗಡಿ. ಮನೆ ಮಾರದೆ, ಅಡ ಇಡದೆ, ಅಪ್ಪನಿಂದ ಮಗನಿಗೆ ಸುಮ್ಮನೆ ಬಂದಿದ್ರೆ ಆ ಕುಂಬಾರನ ಹೆಸರಲ್ಲಿ ರಿಜಿಸ್ಟರ್ ಆದ ಪತ್ರ ಒಂದೂ ಇರಲ್ಲ, ಆದ್ರೆ ಪಕ್ಕದೋನು ಮಾರಿದಾಗೆಲ್ಲ ಇವನ ಹೆಸರು ಬರತ್ತೆ. ಇಪ್ಪತ್ತು ವರ್ಷ ಬಿಟ್ಟು ಅದೇ ಪಕ್ಕದ ಮನೆ ಮತ್ತೆ ಮಾರಾಟ ಆದ್ರೆ ಪೂರ್ವ ದಿಕ್ಕಲ್ಲಿ ಈ ಸಲ ಅವನ ಮಗನ ಹೆಸರು. ಎರಡು ಪತ್ರ ಪಕ್ಕಪಕ್ಕ ಇಟ್ಟು ನೋಡಿದ್ರೆ ತಂದೆ ಮಗ ಇಬ್ರೂ ಸಿಕ್ಕಿದ್ರು, ತಂದೆ ಯಾವ ವರ್ಷದ ಹೊತ್ತಿಗೆ ತೀರ್ಕೊಂಡಿರಬಹುದು ಅನ್ನೋದೂ ಸಿಕ್ತು. ಹೆಸರಿನ ಮುಂದೆ 'ಬಿನ್' ಅಂತಿದ್ರೆ ಅಪ್ಪನ ಹೆಸರು, 'ಕೋಂ' ಅಂತಿದ್ರೆ ಗಂಡನ ಹೆಸರು. ಗಂಡ ತೀರ್ಕೊಂಡ ಹೆಂಗಸರು ಮಕ್ಕಳ ಪರವಾಗಿ ಹೆಬ್ಬೆಟ್ಟು ಒತ್ತಿದ ಪತ್ರಗಳು ನಂಗೆ ತುಂಬಾ ಬೆಲೆಯವು, ಯಾಕಂದ್ರೆ ಅಲ್ಲಿ ಮೈನರ್ ಮಕ್ಕಳ ಹೆಸರೂ ವಯಸ್ಸೂ ಸಾಲಾಗಿ ಇರತ್ತೆ. ಕೆಳಗೆ ಸಾಕ್ಷಿ ಹಾಕಿದೋರನ್ನ, ಬಿಕ್ಕಲಂ ಅಂತ ಇರೋ ಕಡೆ ಪತ್ರ ಬರೆದೋನ ಹೆಸರನ್ನ ಬಿಡಬೇಡಿ, ಸಾಕ್ಷಿ ಹಾಕೋನು ಸಾಮಾನ್ಯವಾಗಿ ಭಾವಮೈದನೋ ಅಳಿಯನೋ ಆಗಿರ್ತಾನೆ.

ಈ ಪತ್ರಗಳು ಸಿಗೋದು ಹೆಂಗೆ ಅಂದ್ರೆ, ಈಗ ಆನ್‌ಲೈನಲ್ಲಿ ತೆಗೆಯೋ ಇಸಿ (ಸ್ವತ್ತಿನ ವ್ಯವಹಾರಗಳ ಪಟ್ಟಿ ಇರೋ ಋಣಭಾರ ಪತ್ರ) ಹಿಂದಕ್ಕೆ ಹೋದ್ರೆ 2004ರವರೆಗೆ ಹೋಗತ್ತೆ, ನಮ್ಮ ಕೆಲ್ಸಕ್ಕೆ ಅದು ಸಾಲಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕಗಳೇ ಬೇಕು. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕಾನ, ಅದರ ಇಂಡೆಕ್ಸನ್ನ ಫೀ ಕಟ್ಟಿ ಯಾರು ಬೇಕಾದ್ರೂ ನೋಡಬಹುದು, ನಕಲೂ ಪಡೀಬಹುದು. ಇಂಡೆಕ್ಸ್ 1 ಅಂದ್ರೆ ಜನರ ಹೆಸರಿನ ಪ್ರಕಾರ, ಇಂಡೆಕ್ಸ್ 2 ಅಂದ್ರೆ ಸ್ವತ್ತಿನ ಪ್ರಕಾರ. ಎಲ್ರೂ ಹೋಗಿ ಇಂಡೆಕ್ಸ್ 1ರಲ್ಲಿ ಅಜ್ಜನ ಹೆಸರು ಹುಡುಕ್ತಾರೆ. ನನ್ನ ಅನುಭವದಲ್ಲಿ ಇಂಡೆಕ್ಸ್ 2 ಹಿಡಿದು ಬೀದಿಗೆ ಬೀದೀನೇ ಓದಬೇಕು. ಆಮೇಲೆ ಒಂದು ದೊಡ್ಡ ಹಾಳೆ ಮೇಲೆ ಓಣಿ ಬರೆದು ಮನೆಗಳನ್ನ ಅದರದರ ದಿಕ್ಕಲ್ಲಿ ಕೂರಿಸ್ತಾ ಹೋದೆ, ನಾಲ್ಕು ಮನೆ ಸರಿಯಾಗಿ ಕೂತ್ರೆ ಐದನೇದು ತಾನಾಗೇ ಜಾಗ ಕೇಳತ್ತೆ.

ಹೆಸರಿನ ಗೊಂದಲ ಒಂದಷ್ಟಿದೆ, ಇದನ್ನ ಹೇಳ್ಲೇಬೇಕು. ಹಳೇ ಮೈಸೂರು ಕಡೆ ಕುಂಬಾರರು ಹೆಸರಿಗೆ ಶೆಟ್ಟಿ ಅಂತ ಹಚ್ಕೋತಾರೆ, ಬಣಜಿಗರೂ ಶೆಟ್ಟಿ, ಉಪ್ಪಾರರೂ ಶೆಟ್ಟಿ, ಹಾಗಾಗಿ ಬರೀ ಶೆಟ್ಟಿ ಅಂತಿದ್ರೆ ಅದರಿಂದ ಏನೂ ತಿಳಿಯಲ್ಲ, ಸುತ್ತ ಯಾರಿದ್ದಾರೆ ನೋಡಬೇಕು. ಕೆಲವರು ಚಕ್ರಸಾಲಿ ಅಂತಾರೆ, ಕರಾವಳಿಯೋರು ಕುಲಾಲ, ತೆಲುಗು ಮಾತಾಡೋರಲ್ಲಿ ಶಾಲಿವಾಹನ ಅಂತ ಹೇಳ್ಕೊಳ್ಳೋರಿದ್ದಾರೆ, ಒಂದೇ ಮನೆತನ ಎರಡು ತಲೆಮಾರಲ್ಲಿ ಎರಡು ಹೆಸರು ಬರೆಸಿರೋದೂ ಉಂಟು. ಇನ್ನೊಂದು, ತಾತನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ, ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಬರ್ತಾನೇ ಇರತ್ತೆ. ನಾನು ಪ್ರತಿಯೊಬ್ಬರಿಗೂ ಹೆಸರಿನ ಜೊತೆ ಅಪ್ಪನ ಹೆಸರು, ಹೆಂಡತಿ ಹೆಸರು, ಮನೆ ಎಲ್ಲಿತ್ತು ಅನ್ನೋದು ಈ ಮೂರೂ ಸೇರಿಸಿ ಬರ್ಕೊಂಡೆ. ಮೂರರಲ್ಲಿ ಎರಡು ತಾಳೆ ಆಗ್ದೆ ಇಬ್ಬರನ್ನ ಒಬ್ಬರು ಅಂತ ಒಪ್ಪಲಿಲ್ಲ.

ತಾರೀಖಿಗೆ ಸಂವತ್ಸರ ಕಲೀಬೇಕು. ವಯಸ್ಸಾದೋರು ಇಸವಿ ಹೇಳಲ್ಲ, ಪ್ಲೇಗಮ್ಮ ಬಂದಾಗ, ವಿಳಂಬಿ ಸಂವತ್ಸರದಲ್ಲಿ, ಇನ್‌ಫ್ಲುಯೆಂಜಾ ವರ್ಷ ಅಂತಾರೆ. ಬೆಂಗಳೂರಿಗೆ ಪ್ಲೇಗು ಬಂದಿದ್ದು 1898, ಆ ವರ್ಷ ವಿಳಂಬಿ. ಆದ್ರೆ 60 ವರ್ಷಕ್ಕೆ ಅದೇ ಹೆಸರು ತಿರುಗಿ ಬರತ್ತೆ, 1958 ಕೂಡ ವಿಳಂಬೀನೇ, ಹಾಗಾಗಿ ಆಗ ಇನ್ನೇನಾಗಿತ್ತು ಅಂತ ಕೇಳ್ಬೇಕು. ಇನ್‌ಫ್ಲುಯೆಂಜಾ 1918ರದ್ದು, ಕಾಳಯುಕ್ತಿ. ನಾನು ನೋಡಿದ ಮನೆಗಳಲ್ಲಿ ಕವಲು ಒಡೆದಿರೋದು ಈ ಎರಡು ವರ್ಷಗಳಲ್ಲೇ ಜಾಸ್ತಿ. ಪ್ಲೇಗಿಗೆ ಹೆದರಿ ಪೇಟೆ ಬಿಟ್ಟೋರಲ್ಲಿ ಕೆಲವರು ವಾಪಸ್ ಬಂದ್ರು, ಕೆಲವರು ಹೆಂಡತಿ ಊರಲ್ಲೇ ತಿಗರಿ ಹೂಡ್ಕೊಂಡು ನಿಂತ್ರು.

ಈ ಹೆಂಡತಿ ಊರು ಅನ್ನೋದು ಎಷ್ಟು ದೊಡ್ಡ ದಾರಿ ಅಂದ್ರೆ, ಪೇಟೆಯಲ್ಲಿ ಕಳೆದುಹೋದ ಮನೆಗಳು ನಂಗೆ ವಾಪಸ್ ಸಿಕ್ಕಿದ್ದು ಹೊಸಕೋಟೆ, ದೇವನಹಳ್ಳಿ, ಆನೇಕಲ್ಲು, ಮಾಗಡಿ ಕಡೆ ಹಳ್ಳಿಗಳಲ್ಲಿ. ಗಂಡಸರನ್ನ ಕೇಳಿದ್ರೆ ಅಪ್ಪ, ತಾತ, ಮುತ್ತಾತ ಅಂತ ಮೂರು ಹೆಸರಿಗೆ ನಿಲ್ಲತ್ತೆ. ಹೆಂಗಸರು ಹಂಗಲ್ಲ, ಅತ್ತೆ ತವರು ಯಾವುದು, ಅತ್ತೆಯ ಅತ್ತೆ ಎಲ್ಲಿಂದ ಬಂದ್ರು, ಯಾರ ಮದುವೆಗೆ ಯಾರು ಬರಲಿಲ್ಲ, ಎಲ್ಲ ನೆನಪಿರತ್ತೆ. ಹೊಸಕೋಟೆ ಹತ್ರ ಒಬ್ಬ ಅಜ್ಜಿ ಹೇಳಿದ್ರು, "ನಮ್ಮ ಮಾವನೋರು ಪೇಟೆಯೋರು ಕಣಪ್ಪ, ಬರ್ತಾ ತಿಗರಿ ಗಾಡಿ ಮೇಲೆ ಹೇರ್ಕಂಡು ಬಂದ್ರಂತೆ, ಆವಿಗೆ ತರಕ್ಕಾಗಲಿಲ್ಲ ಅಂತ ಸಾಯೋಗಂಟ ಹೇಳೋರು." ಆ ಒಂದು ಮಾತಿಂದ ನಂಗೆ ಚಕ್ಕುಬಂದಿಯಲ್ಲಿ ನಿಂತುಹೋಗಿದ್ದ ಒಂದು ಹೆಸರು ಮುಂದಕ್ಕೆ ಹೋಯ್ತು, ಅವ್ರು ಹೇಳಿದ ಮಾವನ ಅಪ್ಪನ ಹೆಸರೂ ಪತ್ರದಲ್ಲಿದ್ದ ಹೆಸರೂ ಒಂದೇ, ಪಕ್ಕದ ಓಣಿ ಹೆಸರೂ ಒಂದೇ.

ಮಾತು ಶುರು ಮಾಡೋದ್ರಲ್ಲಿ ಒಂದು ಎಚ್ಚರ. ಹಳೇ ಮನೆ, ಅಜ್ಜನ ಆಸ್ತಿ ಅಂದ ತಕ್ಷಣ ಜನಕ್ಕೆ ಭಯ ಆಗತ್ತೆ, ಇವನೇನು ಪಾಲು ಕೇಳಕ್ಕೆ ಬಂದ್ನಾ ಅಂತ. ಅದು ಸಹಜ, ಪೇಟೆಯಲ್ಲಿ ಒಂದು ಚದರ ಅಡಿ ಜಾಗಕ್ಕೆ ಎಷ್ಟು ಬೆಲೆ ಅಂತ ಅವ್ರಿಗೂ ಗೊತ್ತು. ನಾನು ಆಸ್ತಿ ವಿಷ್ಯ ಮೊದಲು ಎತ್ತಲ್ಲ, ಮನೆದೇವ್ರು ಯಾವುದು ಅಂತ ಶುರು ಮಾಡ್ತೀನಿ. ಮನೆದೇವ್ರು ಒಂದೇ ಆದ್ರೆ, ಬೆಡಗೂ (ಜಾತಿಯೊಳಗಿನ ವಂಶದ ಹೆಸರು) ಒಂದೇ ಆದ್ರೆ ಅಣ್ಣತಮ್ಮಂದಿರ ಮನೆಗಳು, ಹೆಣ್ಣು ಕೊಟ್ಟು ತಂದಿರಲ್ಲ. ಮಕ್ಕಳ ಮುಡಿ ಕೊಡಕ್ಕೆ ಅಲ್ಲಿಗೇ ಹೋಗಿರ್ತಾರೆ, ಪೂಜಾರಿ ಮನೆಯೋರಿಗೆ ಯಾವ ಊರಿನ ಒಕ್ಕಲು ಯಾವುದು ಅಂತ ಗೊತ್ತಿರತ್ತೆ, ಅಲ್ಲಿಂದ ಇನ್ನೂ ನಾಲ್ಕು ಮನೆ ಸಿಗತ್ತೆ.

ಮಡಕೆ ಕೊಂಡೋರ ಕಡೆಯಿಂದಾನೂ ಹುಡುಕಿದೆ. ಮದುವೆಗೆ ಐರಣಿ ಮಡಕೆ ತರಕ್ಕೆ ಮೇಳದ ಜೊತೆ ಕುಂಬಾರನ ಮನೆಗೆ ಹೋಗಿ, ಅವನಿಗೆ ಅಕ್ಕಿ ಬೆಲ್ಲ ವೀಳ್ಯ ಕೊಟ್ಟು ತರೋ ಶಾಸ್ತ್ರ ಇತ್ತು, ಮನೆಗೆ ಒಬ್ಬ ಕುಂಬಾರ ಅಂತ ಗೊತ್ತುಮಾಡ್ಕೊಂಡಿರೋರು. ಹಳೇ ಮನೆತನಗಳ ಮದುವೆ ಖರ್ಚಿನ ಪುಸ್ತಕದಲ್ಲಿ, ಛತ್ರ ಗುಡಿಗಳ ಲೆಕ್ಕದಲ್ಲಿ ಕುಂಬಾರನಿಗೆ ಇಷ್ಟಾಣೆ ಅಂತ ಬರತ್ತೆ, ಅದೃಷ್ಟ ಇದ್ರೆ ಹೆಸರೂ ಬರತ್ತೆ. ಇನ್ನೂ ಹಳೇದಾದ್ರೆ ಕಡತ, ಕಪ್ಪು ಬಟ್ಟೆ ಮೇಲೆ ಬಳಪದಲ್ಲಿ ಬರೆದಿರೋದು, ಕೆಲವು ಲೆಕ್ಕ ಮೋಡಿ ಲಿಪಿಯಲ್ಲಿ, ಅದನ್ನ ಓದೋರ ಸಹಾಯ ಬೇಕೇ ಬೇಕು.

ತಿಗರಿ ನಿಂತ ಮೇಲಿನ ತಲೆಮಾರು ಹುಡುಕೋದು ಸುಲಭ. ಮನೆಮನೆಗೆ ತಾಮ್ರ, ಆಮೇಲೆ ಅಲ್ಯೂಮಿನಿಯಂ ಬಂತು, ಊರೊಳಗೆ ಆವಿಗೆ ಹೊಗೆ ಯಾರಿಗೂ ಬೇಡವಾಯ್ತು, ಮಣ್ಣು ಕೊಡ್ತಿದ್ದ ಕೆರೆಗಳೇ ಹೋದ್ವು, ಧರ್ಮಾಂಬುಧಿ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಜಾಗದಲ್ಲಿ ಸ್ಟೇಡಿಯಂ, ಕರಗ ಹಬ್ಬದ ಹಸಿ ಕರಗಕ್ಕೆ ಅಂತ ಒಂದು ಚೂರು ಮಾತ್ರ ಉಳಿದಿದೆ. ಹುಡುಗರು ಬಿನ್ನಿ ಮಿಲ್ಲಿಗೆ ಹೋದ್ರು, 1940ರಲ್ಲಿ ಶುರುವಾದ ಎಚ್‌ಎಎಲ್‌ಗೆ ಹೋದ್ರು. ನಾನು ಹುಡುಕಿದ ಒಂದು ಮನೆಯ ಮಗ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆ ಸೇರಿದ್ರು, ಮುಂದೆ ಬಿಎಚ್‌ಇಎಲ್ ತಗೊಂಡಿತಲ್ಲ ಅದು, ಮಣ್ಣಿನ ಕೈ ಮಣ್ಣಲ್ಲೇ ಮುಂದುವರೀತು ಅಂತ ನಂಗೆ ಬಹಳ ಖುಷಿ ಆಯ್ತು. ಶಾಲೆ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರು, ಜಾತಿ, ಕಸುಬು, ಹುಟ್ಟಿದ ತಾರೀಖು ಎಲ್ಲ ಇರತ್ತೆ, ಮನೆಯೋರ ಒಪ್ಪಿಗೆ ಪತ್ರ ತಗೊಂಡು ಹೋದ್ರೆ ಹೆಡ್‌ಮಾಸ್ಟ್ರು ತೋರಿಸ್ತಾರೆ. ಹುಟ್ಟಿದ ತಾರೀಖನ್ನ ಮಾತ್ರ ಪೂರ್ತಿ ನಂಬಬೇಡಿ, ಜೂನ್ ತಿಂಗಳಲ್ಲಿ ಹುಟ್ಟಿದೋರು ಅಲ್ಲಿ ಸಿಕ್ಕಾಪಟ್ಟೆ.

ಒಂದು ವಿಷ್ಯ ಹೊಸಬರಿಗೆ ಗೊತ್ತಿರಲ್ಲ. ಬೆಂಗಳೂರು 1949ರವರೆಗೆ ಒಂದು ಊರಲ್ಲ, ಪೇಟೆ ಮೈಸೂರು ಸಂಸ್ಥಾನದ್ದು, ದಂಡು, ಅಂದ್ರೆ ಕಂಟೋನ್ಮೆಂಟು, ಬ್ರಿಟಿಷರ ಆಡಳಿತದ್ದು, ಮುನಿಸಿಪಾಲಿಟಿಗಳೇ ಬೇರೆ ಬೇರೆ. ದಂಡು ಮೈಸೂರಿಗೆ ವಾಪಸ್ ಬಂದಿದ್ದು 1947ರ ಜುಲೈನಲ್ಲಿ, ಎರಡು ಮುನಿಸಿಪಾಲಿಟಿ ಒಂದಾಗಿದ್ದು 1949ರಲ್ಲಿ. ಹಾಗಾಗಿ ಕುಂಬಾರಪೇಟೆಯೋರ ಜನನ ಮರಣದ ಪುಸ್ತಕವೇ ಬೇರೆ, ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿನೋರದ್ದೇ ಬೇರೆ. ಪಾಟರಿ ಟೌನಲ್ಲಿ ಇವತ್ತಿಗೂ ಗಣೇಶ ಮಾಡ್ತಾರೆ, ಹಣತೆ, ತಂದೂರಿ ಒಲೆ ಮಾಡ್ತಾರೆ. ದಂಡಿನ ಕಡೆ ತಮಿಳು ಕುಂಬಾರರಲ್ಲಿ ವೇಳಾರ್, ಉಡೈಯಾರ್ ಅಂತ ಹೆಸರು ಹಚ್ಕೊಳ್ಳೋದಿದೆ, ಇನಿಷಿಯಲ್ ಅಂದ್ರೆ ಹೆಚ್ಚಾಗಿ ಅಪ್ಪನ ಹೆಸರು. ನಮ್ಮ ಕಡೆ ಇನಿಷಿಯಲ್‌ನಲ್ಲಿ ಊರೂ ಇರತ್ತಲ್ಲ, ಆ ಎಳೆ ಅಲ್ಲಿ ಸಿಗೋದು ಕಮ್ಮಿ.

ಈಗ ನನ್ನ ಹತ್ರ ಓಣಿ ನಕ್ಷೆ ಇದೆ, ಮನೆಗೊಂದು ಫೈಲ್ ಇದೆ, ಪ್ರತಿ ಹೆಸರಿನ ಪಕ್ಕ ಅದು ಎಲ್ಲಿ ಸಿಕ್ತು, ಯಾರು ಹೇಳಿದ್ರು ಅನ್ನೋದಿದೆ. ಬದುಕಿರೋರ ಹೆಸರು ಯಾರಿಗೂ ಕೊಡಲ್ಲ, ಆಯಾ ಮನೆಯೋರಿಗೆ ಅವರ ಮನೆ ಹಾಳೆ ಮಾತ್ರ ಪ್ರಿಂಟ್ ತೆಗೆದು ಕೊಟ್ಟು ಬರ್ತೀನಿ. ಎಷ್ಟೋ ಮನೇಲಿ ಅದನ್ನ ನೋಡ್ತಾ ನೋಡ್ತಾನೇ ಬೀರು ತೆಗೆದು ಇನ್ನೊಂದು ಹಳೇ ಪತ್ರ ಕೈಗಿಟ್ಟಿದ್ದಾರೆ. ಪಾಟರಿ ಟೌನ್ ಕಡೆ ಕೆಲ್ಸ ಈಗಷ್ಟೇ ಶುರುವಾಗಿದೆ, ಅಲ್ಲಿನ ವಯಸ್ಸಾದೋರ ಹತ್ರ ಕೂತು ಅವರ ತಮಿಳಲ್ಲೇ ಮಾತಾಡಿ, ಹಳೇ ತಮಿಳು ಪತ್ರ ಓದಿ ಹೇಳೋ ಒಬ್ಬರು ಜೊತೆಗೆ ಬೇಕಾಗಿದ್ದಾರೆ.